ಕ್ಯಾಸೆಟ್ 412, ಹಾರ್ಡ್ ಡಿಸ್ಕ್ 9, ಜನ ಒಂದೂವರೆ: ನಮ್ಮ ಪತ್ರಾಗಾರಕ್ಕೆ ಯಾವ ವ್ಯವಸ್ಥೆ ಹಾಕುವುದು?

ಅಟ್ಟದ ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಒಂದು ವಿಶ್ವವಿದ್ಯಾಲಯ ಕ್ಯಾಂಪಸ್ಸಿನಲ್ಲಿ ನನಗೆ ಕೆಲಸ. ಹೆಸರು ಬೇಡ, ಕೆಲಸ ಉಳಿಯಬೇಕಲ್ಲ. ಬಾಗಿಲ ಮೇಲೆ ‘ಪತ್ರಾಗಾರ’ ಎಂದು ಬೋರ್ಡು, ಒಳಗೆ ಹೋದರೆ ಮನೆಯ ಅಟ್ಟ. ಹಿಂದಿನ ವಿದ್ಯಾರ್ಥಿಗಳು ಊರೂರು ತಿರುಗಿ ರೆಕಾರ್ಡ್ ಮಾಡಿದ 412 ಕ್ಯಾಸೆಟ್: ತುಳುವಿನ ಕಥನಗೀತೆಯಾದ ಪಾಡ್ದನ, ಭೂತದ ನುಡಿಕಟ್ಟು, ತಾಳಮದ್ದಳೆ, ಅಜ್ಜಿಯಂದಿರ ಕತೆ. ಎರಡು ಪೆಟ್ಟಿಗೆ ಸಿಡಿ. ನುಡಿ, ಪೇಜ್‌ಮೇಕರ್ ಕಾಲದ ಪ್ರಬಂಧಗಳು. ತಾಳೆಗರಿಯ ಸ್ಕ್ಯಾನುಗಳು. ಒಂಬತ್ತು ಹಾರ್ಡ್ ಡಿಸ್ಕ್.

ಒಂಬತ್ತರಲ್ಲಿ ಒಂದು ಕಳೆದ ಆಟಿ ತಿಂಗಳ ಮಳೆಯಲ್ಲಿ ಹೋಯಿತು. ಎರಡು ದಿನ ಗಡಿಯಾರದ ಹಾಗೆ ಟಿಕ್ ಟಿಕ್ ಅಂದಿತು, ಮೂರನೇ ದಿನ ಕಂಪ್ಯೂಟರಿಗೆ ಅದರ ಗುರುತೇ ಸಿಗಲಿಲ್ಲ. ಎರಡು ವರ್ಷದ ಸ್ಕ್ಯಾನಿಂಗ್ ಅದರೊಳಗೆ. ಕಾಪಿ ಉಂಟು ಎಂದೇ ನಂಬಿದ್ದೆವು. ಇತ್ತು ಕೂಡ, ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ.

ಈಗ ಮೇಲಿನವರಿಗೆ ಎಚ್ಚರವಾಗಿದೆ. ಹಣ ಮಂಜೂರಾಗಿದೆ, ಮಾರ್ಚಿನೊಳಗೆ ಖರ್ಚಾಗಬೇಕು. ಒಂದು ಕಂಪನಿಯವರು ಬಂದು ಪರದೆಯ ಮೇಲೆ ಚಂದದ ಚಿತ್ರ ತೋರಿಸಿ ‘ಒಂದು ಕ್ಲಿಕ್ಕಿಗೆ ಶಾಶ್ವತ ಸಂರಕ್ಷಣೆ’ ಅಂದರು. ಲೈಬ್ರರಿಯಲ್ಲಿ ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದ ತಂತ್ರಾಂಶ ಆಗಲೇ ಓಡುತ್ತಾ ಉಂಟು. ಆರ್ಕೈವ್‌ಮ್ಯಾಟಿಕಾ ಎಂಬುದೊಂದು ಧರ್ಮಕ್ಕೆ ಸಿಗುತ್ತದೆ ಎಂದು ಓದಿದೆ. ನಮ್ಮಲ್ಲಿ ಜನ ಅಂದರೆ ನಾನು, ಮತ್ತೆ ಮಧ್ಯಾಹ್ನದವರೆಗೆ ಬರುವ ಒಬ್ಬರು ಸಹಾಯಕಿ. ಮೂರರಲ್ಲಿ ಯಾವುದು?

ಕುಂಬ್ಳೆಯವ

ಡಿಸ್ಪೇಸ್ ಇರುವಾಗ ಎಂತಕ್ಕೆ ತಲೆಬಿಸಿ? ಪಿಎಚ್‌ಡಿ ಪ್ರಬಂಧಗಳ ಜಾಲತಾಣ ಶೋಧಗಂಗಾ ಓಡುವುದೇ ಅದರ ಮೇಲೆ. ದೇಶದ ಪ್ರಬಂಧಗಳೆಲ್ಲ ಅದರಲ್ಲಿ ಹಿಡಿಯುತ್ತವಂತೆ, ನಿಮ್ಮ ಕ್ಯಾಸೆಟ್ ಹಿಡಿಯುವುದಿಲ್ಲವಾ?

ಗ್ರಂಥಪಾಲಕಿ, ಮೈಸೂರು

ಹಿಡಿಯುವುದು ಬೇರೆ, ಉಳಿಸುವುದು ಬೇರೆ. ಡಿಸ್ಪೇಸ್ 2002ರಲ್ಲಿ ಎಂಐಟಿ ಮತ್ತು ಎಚ್‌ಪಿ ಸೇರಿ ಹೊರತಂದದ್ದು. ಬಂದವರಿಗೆ ತೋರಿಸಲು, ಹುಡುಕಿಸಲು, ಇಳಿಸಿಕೊಳ್ಳಲು ಕೊಡಲು ಒಳ್ಳೆಯದು. ಅದು ಮನೆಯ ಜಗಲಿ. ನಿಮಗೆ ಬೇಕಾದದ್ದು ಭತ್ತ ಕೂಡಿಡುವ ಪತ್ತಾಯ. ಅದರಲ್ಲೂ ಚೆಕ್‌ಸಮ್ (ಕಡತ ತುಸು ಕೆಟ್ಟರೂ ಬದಲಾಗುವ, ಅದರ ಬೆರಳಚ್ಚಿನಂಥ ಸಂಖ್ಯೆ) ತಪಾಸಣೆಯ ಸೌಲಭ್ಯ ಇದೆ, ಇಲ್ಲವೆನ್ನುವುದಿಲ್ಲ. ಎಷ್ಟು ಕಡೆ ಅದನ್ನು ಚಾಲೂ ಮಾಡಿದ್ದಾರೆ ಎಂದು ಕೇಳಿದರೆ ಮಾತ್ರ ಮೌನ.

ಈ ಶಾಸ್ತ್ರಕ್ಕೆ ಮೂಲ ಓಎಐಎಸ್ ಎಂಬ ಮಾದರಿ, ಐಎಸ್ಒ 14721. ತಮಾಷೆ ಅಂದರೆ ಅದನ್ನು ಮಾಡಿದವರು ಲೈಬ್ರರಿಯವರಲ್ಲ, ಬಾಹ್ಯಾಕಾಶ ಸಂಸ್ಥೆಗಳ ದತ್ತಾಂಶ ಸಮಿತಿ. ಉಪಗ್ರಹ ಕಳಿಸಿದ ಅಂಕಿಅಂಶವನ್ನು ಮೂವತ್ತು ವರ್ಷ ಬಿಟ್ಟು ಓದುವುದು ಹೇಗೆ ಎಂಬ ಚಿಂತೆ ಅವರದು. ಅದರಲ್ಲಿ ಮೂರು ಕಟ್ಟುಗಳು: ತಂದುಕೊಟ್ಟವರಿಂದ ಬರುವುದು, ಒಳಗೆ ಇಟ್ಟುಕೊಳ್ಳುವುದು, ಕೇಳಿದವರಿಗೆ ಕೊಡುವುದು. ನಡುವಿನ ಕಟ್ಟಿನಲ್ಲಿ ಕಡತದ ಜೊತೆ ಅದರ ಜಾತಕವೂ ಇರುತ್ತದೆ. ಯಾವ ನಮೂನೆಯ ಫೈಲು, ಯಾವಾಗ ಬಂತು, ಯಾರು ಏನು ಮಾಡಿದರು, ಚೆಕ್‌ಸಮ್ ಎಷ್ಟು, ಎಲ್ಲ.

ಆರ್ಕೈವ್‌ಮ್ಯಾಟಿಕಾ ಮಾಡುವುದು ಆ ನಡುವಿನ ಕಟ್ಟನ್ನು. ಕೆನಡಾದ ಆರ್ಟಿಫ್ಯಾಕ್ಚುಯಲ್ ಸಂಸ್ಥೆಯದ್ದು, ಮುಕ್ತ ತಂತ್ರಾಂಶ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದ ಪ್ರೊನೋಮ್ ಪಟ್ಟಿಯ ಪ್ರಕಾರ ಫೈಲಿನ ನಮೂನೆ ಗುರುತಿಸುತ್ತದೆ, ವೈರಸ್ ನೋಡುತ್ತದೆ, ಹಳೆಯ ನಮೂನೆಯದ್ದಕ್ಕೆ ಪಕ್ಕದಲ್ಲೊಂದು ಬಾಳಿಕೆಯ ಪ್ರತಿ ಮಾಡಿ ಎಲ್ಲವನ್ನೂ ಕಟ್ಟಿ ಇಡುತ್ತದೆ. ಆದರೆ ಆ ಕಟ್ಟು ಎಲ್ಲಿ ಕೂರಬೇಕು, ಎಷ್ಟು ಪ್ರತಿ ಇರಬೇಕು ಎಂಬುದು ನಿಮ್ಮ ಹೊಣೆ. ನಿಮ್ಮದೇ ಒಂಬತ್ತು ಡಿಸ್ಕಿನ ಮೇಲೆ ಕೂರಿಸಿದರೆ ಇನ್ನೊಂದು ಆಟಿ ಬರುತ್ತದೆ, ಅಷ್ಟೆ.

ಸರ್ವರ್ ಮಾಣಿ

ಅಕ್ಕ ಹೇಳಿದ್ದು ಸರಿ. ನಾನು ಆರ್ಕೈವ್‌ಮ್ಯಾಟಿಕಾ ಹಾಕಿ ನೋಡಿದವ. ಹಾಕುವ ಕಷ್ಟದ ಕತೆ ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ. ಕನ್ನಡದವರಿಗೆ ಮಾತ್ರ ತಾಗುವ ಪೆಟ್ಟು ಒಂದೆರಡು ಹೇಳುತ್ತೇನೆ.

ಒಂದನೆಯದು ಫೈಲಿನ ಹೆಸರು. ‘ಕೋಟಿ ಚೆನ್ನಯ ಪಾಡ್ದನ’ ಎಂದು ಕನ್ನಡದಲ್ಲಿ ಚಂದಕ್ಕೆ ಹೆಸರಿಟ್ಟು ಒಳಗೆ ಕಳಿಸಿದೆ. ನಾನು ಹಾಕಿದ ಆವೃತ್ತಿ ಅದನ್ನು ರೋಮನ್ ಅಕ್ಷರಕ್ಕೆ ತಿರುಗಿಸಿ ಇಟ್ಟುಕೊಂಡಿತು. ಮೂಲ ಹೆಸರು ಜಾತಕದ ಕಡತದಲ್ಲಿ ದಾಖಲಾಗಿರುತ್ತದೆ, ಕಳೆದುಹೋಗುವುದಿಲ್ಲ. ಆದರೆ ಫೋಲ್ಡರ್ ತೆರೆದು ಕಣ್ಣಿಂದ ನೋಡಿದರೆ ಯಾರದೋ ಮನೆಗೆ ಬಂದ ಹಾಗೆ.

ಎರಡನೆಯದು ಉದ್ದ. ಲಿನಕ್ಸಿನಲ್ಲಿ ಒಂದು ಫೈಲ್ ಹೆಸರಿಗೆ 255 ಬೈಟ್ ಮಿತಿ. ಇಂಗ್ಲಿಷಿಗೆ ಅದು 255 ಅಕ್ಷರ. ನಮಗೆ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ 85 ಸಂಕೇತ. ‘ಶ್ರೀ’ ಎಂದು ಬರೆದರೆ ಶ, ವಿರಾಮ, ರ, ದೀರ್ಘ ಸೇರಿ ನಾಲ್ಕು ಸಂಕೇತ, 12 ಬೈಟ್ ಅಲ್ಲೇ ಮುಗಿಯಿತು. ‘ಶ್ರೀ ಕ್ಷೇತ್ರ’ ಎಂದು ಶುರುಮಾಡಿ ದೈವದ ಪೂರ್ತಿ ಹೆಸರು, ಹಾಡಿದವರು, ಊರು, ತಾರೀಕು ಎಲ್ಲ ಹೆಸರಿನಲ್ಲೇ ತುಂಬಿಸುವ ನಮ್ಮವರ ಅಭ್ಯಾಸಕ್ಕೆ ಇದು ಸಾಲುವುದಿಲ್ಲ.

ಮೂರನೆಯದು ಮಹಾ ಕಿರಿಕಿರಿ. ‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಎರಡು ಥರ ಬರೆಯಲು ಬರುತ್ತದೆ: ಕ ಮತ್ತು ಓತ್ವ ಎಂದು ಎರಡು ಸಂಕೇತವಾಗಿ, ಇಲ್ಲವೇ ಓತ್ವವನ್ನೇ ಮೂರು ತುಂಡು ಮಾಡಿ ಒಟ್ಟು ನಾಲ್ಕಾಗಿ. ಕಣ್ಣಿಗೆ ಎರಡೂ ಒಂದೇ. ಹಳೆಯ ಮ್ಯಾಕ್‌ಗಳು ತುಂಡು ಮಾಡಿ ಇಡುತ್ತವೆ, ಲಿನಕ್ಸ್ ಕೊಟ್ಟದ್ದನ್ನು ಹಾಗೇ ಇಡುತ್ತದೆ. ಮ್ಯಾಕಿಗೆ ಹೋಗಿ ಬಂದ ಕಟ್ಟನ್ನು ಪರೀಕ್ಷಿಸಿದರೆ ‘ಫೈಲ್ ಕಾಣೆ’ ಎನ್ನುತ್ತದೆ, ಫೈಲ್ ಎದುರಿಗೇ ಕೂತಿರುತ್ತದೆ!

ಆದ್ದರಿಂದ ಫೈಲಿಗೆ ಸಂಖ್ಯೆ ಮಾತ್ರ ಇಡಿ. ಕನ್ನಡ ಎಲ್ಲ ಪಟ್ಟಿಯಲ್ಲಿ ಬರಲಿ.

ಗಡಿನಾಡು 56

ನೋಡಿ, ಕನ್ನಡದಲ್ಲಿ ಹೆಸರಿಡಲೂ ಜಾಗ ಇಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇದೇ ಕತೆ. ಎಲ್ಲವನ್ನೂ ಕಟ್ಟಿ ಕರ್ನಾಟಕಕ್ಕೆ ಕಳಿಸಿಬಿಡಿ, ಅಲ್ಲಿ ನೋಡಿಕೊಳ್ಳುತ್ತಾರೆ.

ಕುಂಬ್ಳೆಯವ

ಹೌದು ಹೌದು, ಅಲ್ಲಿ ಡಿಸ್ಕುಗಳು ಸಾಯುವುದೇ ಇಲ್ಲವಲ್ಲ.

ಅಟ್ಟದ ಪೆಟ್ಟಿಗೆ

ಜಗಳ ಬೇಡ ಮಾರಾಯ್ರೆ. ಹಾಡಿದ ಅಜ್ಜಿಯರ ಮೊಮ್ಮಕ್ಕಳು ಇರುವುದು ಎಣ್ಮಕಜೆಯಲ್ಲಿ, ಪೈವಳಿಕೆಯಲ್ಲಿ. ಅಜ್ಜಿಯ ಸ್ವರ ಕೇಳಬೇಕಾದರೆ ಅವರು ಘಟ್ಟ ಹತ್ತಬೇಕಾ? ಮೂಲ ಇಲ್ಲೇ ಇರುತ್ತದೆ. ಪ್ರತಿ ಎಲ್ಲಿಗೆ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಆಮೇಲೆ ಬರುತ್ತೇನೆ.

ಹಳೆಯ ಪ್ರಬಂಧಗಳ ಸಿಡಿ ಇವತ್ತು ತೆರೆದೆ. 2003ರದ್ದು, ನುಡಿಯಲ್ಲಿ ಟೈಪ್ ಮಾಡಿದ್ದು. ಸಿಡಿ ಓದಿತು, ಫೈಲ್ ತೆರೆಯಿತು, ಚೆಕ್‌ಸಮ್ಮೂ ಬಂತು. ಪುಟ ನೋಡಿದರೆ ಕನ್ನಡವೇ ಇಲ್ಲ. ಯುರೋಪಿನ ಸೊಟ್ಟ ಗೀಟಿನ ಅಕ್ಷರಗಳು, ನಡುವೆ ಪೌಂಡಿನ ಚಿಹ್ನೆ. 180 ಪುಟ ಹಾಗೆಯೇ.

ನುಡಿಜೇನು

ಅದು ಕೆಟ್ಟಿಲ್ಲ, ಅದರ ಕನ್ನಡಕ ಕಳೆದಿದೆ ಅಷ್ಟೆ. ಆ ಕಾಲದ ನುಡಿ, ಬರಹ, ಶ್ರೀಲಿಪಿ ಎಲ್ಲ ರೋಮನ್ ಅಕ್ಷರದ ಖಾನೆಯಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು. ಕನ್ನಡ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ ಇತ್ತು. ಆದರೆ ಡಿಟಿಪಿ ಅಂಗಡಿಗಳಿಗೆ ಅದು ಮುಟ್ಟಲು ಎಷ್ಟೋ ವರ್ಷ ಹಿಡಿಯಿತು. ಫಾಂಟು ಇಲ್ಲದ ಯಂತ್ರದಲ್ಲಿ ಬಟ್ಟೆ ಬಿಚ್ಚಿದ ಹಾಗೆ ರೋಮನ್ ಕಾಣುತ್ತದೆ.

ನೀವು ಮಾಡಬೇಕಾದ್ದು: ಮೂಲ ಫೈಲನ್ನು ಮುಟ್ಟದೆ ಇಡಿ. ಆ ಫಾಂಟಿನ ಫೈಲನ್ನೂ ಅದರ ಜೊತೆಗೇ ಇಡಿ. ಫಾಂಟು ಹಾಕಿದ ಯಂತ್ರದಲ್ಲಿ ತೆರೆದು, ಫಾಂಟನ್ನು ಒಳಗೇ ಹುದುಗಿಸಿಕೊಳ್ಳುವ ಪಿಡಿಎಫ್/ಎ ಮಾಡಿ. ಪುಟದ ರೂಪ ಹಾಗೆಯೇ ಉಳಿಯುತ್ತದೆ. ಆದರೆ ಅದರಲ್ಲಿ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ, ಯಾಕೆಂದರೆ ಒಳಗೆ ಈಗಲೂ ರೋಮನ್ನೇ. ಅದಕ್ಕೆ ಬೇರೆ ಯೂನಿಕೋಡ್ ಪ್ರತಿ ಬೇಕು.

ಪರಿವರ್ತಕ ಹಾಕಿದ ಮೇಲೆ ಅರ್ಕಾವತ್ತು ನೋಡದೆ ಬಿಡಬೇಡಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು. ತಪ್ಪಿದರೆ ಧರ್ಮ ಅಧರ್ಮ ಎಲ್ಲ ಕಲಸುಮೇಲೋಗರ. ತುಳು ಪಾಠ ಇದ್ದರಂತೂ ಇನ್ನೂ ಜಾಗ್ರತೆ. ‘ಪಂಡ್‌ದ್’ ಎಂಬಲ್ಲಿ ನಡುವಿನ ಕಾಣದ ಸಂಕೇತ ಬಿದ್ದುಹೋದರೆ ‘ಪಂಡ್ದ್’ ಎಂದು ಒತ್ತಾಗಿ ಅಂಟಿಕೊಳ್ಳುತ್ತದೆ. ಯಾವ ಸಾಫ್ಟ್‌ವೇರೂ ಇದು ತಪ್ಪು ಎಂದು ಹೇಳುವುದಿಲ್ಲ. ಓದಿದವರೇ ಹೇಳಬೇಕು.

ತಾಳೆಗರಿ ತಿಗಳಾರಿ ಲಿಪಿಯದ್ದಾದರೆ ಒಂದು ಒಳ್ಳೆಯ ಸುದ್ದಿ: ತುಳು-ತಿಗಳಾರಿ 2024ರ ಸೆಪ್ಟೆಂಬರಿನಲ್ಲಿ ಯೂನಿಕೋಡ್ 16ಕ್ಕೆ ಸೇರಿದೆ. ಪ್ರತಿಲಿಪಿಯನ್ನು ಇನ್ನು ಮೂಲ ಲಿಪಿಯಲ್ಲೇ ಇಡಲು ಜಾಗ ಆಯಿತು.

ಟೇಪು ಮಾಮ

ನಾನು ಸಾಫ್ಟ್‌ವೇರಿನವ ಅಲ್ಲ. ಮೂವತ್ತು ವರ್ಷ ರೇಡಿಯೋ, ಟೇಪ್ ರಿಪೇರಿ ಮಾಡಿದವ. ನಿಮ್ಮ ಚರ್ಚೆ ನೋಡಿ ಹೊಟ್ಟೆ ಉರಿಯಿತು. ಎಲ್ಲರೂ ಫೈಲಿನ ವಿಷಯ ಮಾತಾಡುತ್ತೀರಿ. 412 ಕ್ಯಾಸೆಟ್ ಇನ್ನೂ ಫೈಲ್ ಆಗಲೇ ಇಲ್ಲವಲ್ಲ! ಕಾಗದ ಇನ್ನು ಹತ್ತು ವರ್ಷ ಕಾಯುತ್ತದೆ, ಟೇಪು ಕಾಯುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಾಗದಲ್ಲಿ ಅವು ಕೂತಿವೆ. ಟೇಪು ಉಳಿದರೂ ನುಡಿಸುವ ಡೆಕ್ ಎಲ್ಲಿ?

ಮೊದಲ ಕೆಲಸ, ಪ್ರತಿ ಕ್ಯಾಸೆಟ್ಟಿನ ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ. ಇಲ್ಲದಿದ್ದರೆ ಯಾರಾದರೂ ತಪ್ಪಿ ರೆಕಾರ್ಡ್ ಒತ್ತಿ ಅಜ್ಜಿಯ ಮೇಲೆ ಅವರ ಕೆಮ್ಮು ಹತ್ತುತ್ತದೆ, ನಾನು ಕಂಡಿದ್ದೇನೆ. ಆಮೇಲೆ ಕಿಟಕಿಯಿಂದ ಸುರುಳಿ ನೋಡಿ. ಬಿಳಿ ಪುಡಿ, ನೂಲಿನ ಹಾಗೆ ಏನಾದರೂ ಕಂಡರೆ ಅದು ಬೂಸರು. ಅದನ್ನು ಡೆಕ್ಕಿಗೆ ಹಾಕಬೇಡಿ, ಬೇರೆ ಇಡಿ. ಒಂದು ಹಾಕಿದರೆ ಹೆಡ್ಡಿಗೆ ಅಂಟಿ ಮುಂದಿನ ಹತ್ತಕ್ಕೆ ಹರಡುತ್ತದೆ. ಪ್ರತಿ ಕ್ಯಾಸೆಟ್ಟಿನ ನಂತರ ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ ಹೆಡ್ ಒರೆಸಿ. ಹತ್ತಿ ಕಂದು ಬಣ್ಣಕ್ಕೆ ತಿರುಗಿದರೆ ಟೇಪು ಉದುರುತ್ತಾ ಉಂಟು ಎಂದು ಅರ್ಥ.

ಸ್ವರ ಮಂಕಾಗಿ ಕೇಳಿದರೆ ಟೇಪನ್ನು ಬೈಯಬೇಡಿ. ಹೆಡ್ಡಿನ ಪಕ್ಕದ ಸಣ್ಣ ತಿರುಪು, ಅಜಿಮತ್, ಅದನ್ನು ಕೂದಲೆಳೆಯಷ್ಟು ತಿರುಗಿಸಿ. ಮಂಜು ಸರಿದ ಹಾಗೆ ‘ಸ’ಕಾರ ಎದ್ದು ಬರುವುದು ಕಿವಿಗೇ ತಿಳಿಯುತ್ತದೆ. ಗುಂಯ್ ಶಬ್ದ ತೆಗೆಯುವ ಸಾಫ್ಟ್‌ವೇರ್ ಮೂಲ ಪ್ರತಿಗೆ ಹಾಕಲೇಬೇಡಿ. ಅದು ತೆಂಬರೆ ವಾದ್ಯದ ನಾದವನ್ನೂ ಕಸ ಎಂದು ಗುಡಿಸುತ್ತದೆ.

ಸರ್ವರ್ ಮಾಣಿ

ಮಾಮನ ಮಾತಿಗೆ ಲೆಕ್ಕ ಸೇರಿಸುತ್ತೇನೆ. ಧ್ವನಿ ಪತ್ರಾಗಾರದವರು ಒಪ್ಪಿಕೊಂಡ ಅಳತೆ 24 ಬಿಟ್, 96 ಕಿಲೋಹರ್ಟ್ಸ್, ವೇವ್ ಫೈಲು. ಸ್ಟೀರಿಯೋ ಆದರೆ ಗಂಟೆಗೆ 2 ಜಿಬಿಗಿಂತ ತುಸು ಹೆಚ್ಚು. ಕ್ಯಾಸೆಟ್ಟಿಗೆ ಒಂದು ಗಂಟೆ ಹಿಡಿದರೂ 412ಕ್ಕೆ ಸುಮಾರು 850 ಜಿಬಿ, ಒಂದು ಟೆರಾಬೈಟೂ ಇಲ್ಲ. ಅಂಗಡಿಯ ಒಂದು ಸಣ್ಣ ಡಿಸ್ಕಿನಲ್ಲಿ ಹಿಡಿಯುತ್ತದೆ. ಹಿಡಿಯದೆ ಇರುವುದು ಹೊತ್ತು. ಒಂದು ಗಂಟೆಯ ಟೇಪು ಒಂದು ಗಂಟೆಯೇ ಓಡಬೇಕು. ಒರೆಸಿ, ಕೇಳಿ, ಬರೆದಿಡುವುದು ಸೇರಿ ದಿನಕ್ಕೆ ಮೂರು. 138 ಕೆಲಸದ ದಿನ. ಮಾರ್ಚಿನೊಳಗೆ ಆಗುವ ಮಾತಲ್ಲ.

ಲೆಕ್ಕಪತ್ರ

ಇಂಥ ಖರೀದಿಯ ಕಡತ ತಳ್ಳಿಯೇ ನನ್ನ ತಲೆ ಬೆಳ್ಳಗಾದದ್ದು. ಮಾರ್ಚಿನ ಹಣಕ್ಕೆ ಸಾಫ್ಟ್‌ವೇರ್ ಕೊಳ್ಳುವುದು ಸುಲಭ, ಬಿಲ್ಲು ಒಂದೇ. ಮನುಷ್ಯರಿಗೆ ಸಂಬಳ ಕೊಡುವುದು ಕಷ್ಟ, ಯಾಕೆಂದರೆ ಮುಂದಿನ ಮಾರ್ಚಿಗೂ ಕೊಡಬೇಕು. ಹಾಗಾಗಿ ನಮ್ಮ ಕಡೆ ಸಾಫ್ಟ್‌ವೇರ್ ಇರುತ್ತದೆ, ಓಡಿಸುವವರು ಇರುವುದಿಲ್ಲ. ಮುಕ್ತ ತಂತ್ರಾಂಶ ಎಂದರೂ ಅಷ್ಟೆ: ದನ ಧರ್ಮಕ್ಕೆ ಬಂದೀತು, ಹುಲ್ಲು ಧರ್ಮಕ್ಕೆ ಬಾರದು.

ಕಂಪನಿಯವರನ್ನು ಒಂದೇ ಒಂದು ಪ್ರಶ್ನೆ ಕೇಳಿ. ಹೇಗೆ ಒಳಗೆ ಹಾಕುವುದು ಎಂದಲ್ಲ. ಐದು ವರ್ಷ ಬಿಟ್ಟು ನಾವು ನಿಮ್ಮನ್ನು ಬಿಟ್ಟರೆ ನಮ್ಮ ಕಡತ, ಪಟ್ಟಿ, ಚೆಕ್‌ಸಮ್, ಇತಿಹಾಸ ಎಲ್ಲ ಯಾವ ರೂಪದಲ್ಲಿ ಹೊರಗೆ ಬರುತ್ತದೆ, ಈಗಲೇ ಹತ್ತು ಫೈಲಿಗೆ ಮಾಡಿ ತೋರಿಸಿ ಎನ್ನಿ.

ಗ್ರಂಥಪಾಲಕಿ, ಮೈಸೂರು

ನಮ್ಮ ದೇಶದಲ್ಲೂ ಮಾದರಿ ಇದೆ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದ ದೃಶ್ಯಶ್ರವ್ಯ ಪತ್ರಾಗಾರಕ್ಕೆ 2017ರಲ್ಲಿ ನಂಬಿಗಸ್ತ ಡಿಜಿಟಲ್ ಭಂಡಾರಕ್ಕೆ ಕೊಡುವ ಐಎಸ್ಒ 16363 ಪ್ರಮಾಣಪತ್ರ ಸಿಕ್ಕಿತು. ಜಗತ್ತಿನಲ್ಲೇ ಮೊದಲು. ಅಲ್ಲಿ ಬಳಸಿದ್ದು ಪುಣೆಯ ಸಿ-ಡ್ಯಾಕ್ ಮಾಡಿದ ಡಿಜಿಟಾಲಯ ಎಂಬ ತಂತ್ರಾಂಶ. ಆದರೆ ಒಂದೂವರೆ ಜನಕ್ಕೆ ಆ ಎತ್ತರ ಬೇಡ. ಅಮೆರಿಕದ ಎನ್‌ಡಿಎಸ್‌ಎ ಒಕ್ಕೂಟ ನಾಲ್ಕು ಮೆಟ್ಟಿಲಿನ ಒಂದು ಪಟ್ಟಿ ಮಾಡಿದೆ. ಮೊದಲ ಮೆಟ್ಟಿಲು ಹತ್ತಿದರೂ ನೀವು ಬಹಳ ಕಡೆಗಿಂತ ಮೇಲೆ. ಎರಡು ಪೂರ್ಣ ಪ್ರತಿ ಬೇರೆ ಬೇರೆ ಜಾಗದಲ್ಲಿ, ಚೆಕ್‌ಸಮ್, ಏನೇನು ಇದೆ ಎಂಬ ಪಟ್ಟಿ, ಯಾರು ಅಳಿಸಬಹುದು ಎಂಬ ಕಟ್ಟುಪಾಡು. ಹೆಚ್ಚುಕಡಿಮೆ ಇಷ್ಟೇ.

ಇದಕ್ಕೆ ದೊಡ್ಡ ವ್ಯವಸ್ಥೆಯೂ ಬೇಡ. ಬ್ಯಾಗಿಟ್ ಎಂಬ ಕಟ್ಟುವ ಕ್ರಮ ಇದೆ. ಒಂದು ಫೋಲ್ಡರ್, ಒಳಗೆ ಕಡತಗಳು, ಪಕ್ಕದಲ್ಲಿ ಪ್ರತಿ ಕಡತದ ಚೆಕ್‌ಸಮ್ ಬರೆದ ಸಾದಾ ಪಠ್ಯದ ಪಟ್ಟಿ. ಯಾವ ಯಂತ್ರದಲ್ಲೂ ತೆರೆಯುತ್ತದೆ. ನಾಳೆ ಆರ್ಕೈವ್‌ಮ್ಯಾಟಿಕಾ ಹಾಕಿದರೆ ಈ ಕಟ್ಟುಗಳನ್ನು ಹಾಗೇ ಒಳಗೆ ತೆಗೆದುಕೊಳ್ಳುತ್ತದೆ.

ಕುಂಬ್ಳೆಯವ

ಎಲ್ಲ ಕ್ಲೌಡಿಗೆ ಹಾಕಿದರೆ ಆಗುವುದಿಲ್ಲವಾ?

ಸರ್ವರ್ ಮಾಣಿ

ಒಂದು ಪ್ರತಿ ಹಾಕಿ, ಎಲ್ಲ ಬೇಡ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಗೇ ದಾಳಿಯಾಗಿ ತಿಂಗಳುಗಟ್ಟಲೆ ಆನ್‌ಲೈನ್ ಕ್ಯಾಟಲಾಗ್ ಇರಲಿಲ್ಲ. ಒಂದು ಪ್ರತಿ ಯಾವ ತಂತಿಗೂ ಅಂಟದೆ ಕಪಾಟಿನಲ್ಲಿ ಕೂರಬೇಕು. ದೊಡ್ಡವರು ಕಂಪ್ಯೂಟರ್ ಕಡತ ಇಡುವ ಎಲ್‌ಟಿಒ ಟೇಪು ಬಳಸುತ್ತಾರೆ, ಎಂಟನೆಯ ತಲೆಮಾರಿನ ಒಂದರಲ್ಲಿ 12 ಟಿಬಿ. ಆದರೆ ಎಂಟರ ಡ್ರೈವು ಆರರ ಟೇಪು ಓದುವುದಿಲ್ಲ, ಏಳರದ್ದು ಮಾತ್ರ. ನಿಮ್ಮ ಒಂದು ಟೆರಾಬೈಟಿಗೆ ಆ ಡ್ರೈವು ಕೊಂಡರೆ ಕೋಳಿಗೂಡಿಗೆ ಆನೆ ಬಾಗಿಲು.

ತರವಾಡು

ಒಂದು ಮಾತು. ನಮ್ಮ ಮನೆಯ ದೈವದ ನುಡಿಕಟ್ಟು ಎಲ್ಲೋ ಯೂಟ್ಯೂಬಿನಲ್ಲಿ ಬಂದದ್ದು ನೋಡಿ ಹಿರಿಯರು ತುಂಬ ನೊಂದುಕೊಂಡರು. ನೀವು ಉಳಿಸುವುದಕ್ಕೆ ಯಾರ ಅಡ್ಡಿಯೂ ಇರಲಾರದು. ಊರಿಗೆಲ್ಲ ಹಂಚುವ ಮೊದಲು ಆ ಮನೆಯವರನ್ನು ಕೇಳಿ.

ಗ್ರಂಥಪಾಲಕಿ, ಮೈಸೂರು

ಇದು ತುಂಬ ಮುಖ್ಯ. ಕಾನೂನಿನಲ್ಲೂ ಉಳಿಸುವುದು, ಹಂಚುವುದು ಬೇರೆ ಬೇರೆ. 2012ರ ತಿದ್ದುಪಡಿಯ ನಂತರ ಕಾಪಿರೈಟ್ ಕಾಯ್ದೆಯ 52ನೇ ಕಲಮು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯಕ್ಕೆ ಡಿಜಿಟಲ್ ಅಲ್ಲದ ಪ್ರತಿ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ವಿದ್ಯುನ್ಮಾನ ರೂಪದಲ್ಲಿ ಇಟ್ಟುಕೊಳ್ಳಲು ಬಿಡುತ್ತದೆ. ಜಾಲದಲ್ಲಿ ಹಾಕಲು ಅದು ಪರವಾನಗಿ ಅಲ್ಲ. ನಿಮ್ಮ ಊರಿನ ಉದಾಹರಣೆಯೇ ಹೇಳುವುದಾದರೆ, ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅರುವತ್ತು ವರ್ಷ ಕಳೆದು 2024ರ ಜನವರಿ 1ಕ್ಕೆ ಅವರು ಬದುಕಿದ್ದಾಗ ಪ್ರಕಟವಾದ ಬರಹ ಎಲ್ಲರದ್ದಾಯಿತು. ಮರಣದ ನಂತರ ಅಚ್ಚಾದದ್ದಕ್ಕೆ ಲೆಕ್ಕ ಶುರುವಾಗುವುದು ಅಚ್ಚಾದ ವರ್ಷದಿಂದ. ಪಟ್ಟಿಯಲ್ಲಿ ‘ಯಾರು ಕೇಳಬಹುದು’ ಎಂದು ಒಂದು ಕಾಲಂ ಇಡಿ.

ಅಟ್ಟದ ಪೆಟ್ಟಿಗೆ

ಐದು ವಾರದ ನಂತರ ಬರುತ್ತಿದ್ದೇನೆ, ಕ್ಷಮಿಸಿ. ನಡೆದದ್ದು ಹೇಳುತ್ತೇನೆ.

ಕಂಪನಿಯವರಿಗೆ ಹತ್ತು ಫೈಲ್ ಕೊಟ್ಟು ಹೊರಗೆ ತೆಗೆದು ಕೊಡಿ ಎಂದೆ. ಫೈಲು ಬಂತು. ಕನ್ನಡದ ಪಟ್ಟಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಯಾಗಿ ಬಂತು. ಸರಿ ಮಾಡಿ ಕೊಡುತ್ತೇವೆ ಎಂದಿದ್ದಾರೆ, ಇನ್ನೂ ಬಂದಿಲ್ಲ. ಮೇಲಿನವರು ಹಣದಲ್ಲಿ ಎರಡು ಡಿಸ್ಕ್ ಪೆಟ್ಟಿಗೆ, ಒಂದು ಒಳ್ಳೆಯ ಆಡಿಯೋ ಇಂಟರ್‌ಫೇಸ್, ಒಂದು ತೇವ ಹೀರುವ ಯಂತ್ರಕ್ಕೆ ಒಪ್ಪಿದರು. ಸಹಾಯಕಿಗೆ ಪೂರ್ತಿ ದಿನದ ಕೆಲಸ ಕೇಳಿದ್ದೆ, ಅದು ಕಡತದಲ್ಲೇ ಉಂಟು. ಆರ್ಕೈವ್‌ಮ್ಯಾಟಿಕಾ ಸದ್ಯಕ್ಕೆ ಇಲ್ಲ.

ಇಪ್ಪತ್ತು ಕ್ಯಾಸೆಟ್ ಮಾಡಿ ನೋಡಿದೆವು. ಮೊದಲ ಐದಕ್ಕೆ ಸರ್ವರ್ ಮಾಣಿಯ ಮಾತು ಕೇಳದೆ ಕನ್ನಡದಲ್ಲೇ ಹೆಸರಿಟ್ಟೆ, ಹಟ. ಸಹೋದ್ಯೋಗಿಯ ಹಳೆಯ ಮ್ಯಾಕಿಗೆ ಹೋಗಿ ಬಂದ ಮೇಲೆ ಐದರಲ್ಲಿ ಮೂರು ‘ಕಾಣೆ’. ಮೂರರಲ್ಲೂ ದೀರ್ಘದ ಓತ್ವ ಇತ್ತು. ಈಗ ಎರಡು ಇಂಗ್ಲಿಷ್ ಅಕ್ಷರ, ನಾಲ್ಕಂಕಿ, ಅಷ್ಟೇ ಹೆಸರು.

ಇದರಿಂದ ನಾನು ನೆನೆಸದ ಒಂದು ಗುಣ ಆಯಿತು. ನಮ್ಮ ಸಹಾಯಕಿ ಚೇಚಿ ನೀಲೇಶ್ವರದವರು, ಕನ್ನಡ ಓದಲು ಬರುವುದಿಲ್ಲ. ಹೆಸರು ಅಂಕಿಯಾದ ಕಾರಣ ಈಗ ಅವರೇ ಕ್ಯಾಸೆಟ್ ಹಾಕಿ, ಒರೆಸಿ, ಚೆಕ್‌ಸಮ್ ನೋಡಿ ಟಿಕ್ ಮಾಡುತ್ತಾರೆ. ಮೊನ್ನೆ ಹದಿನಾಲ್ಕನೆಯದು ಓಡುತ್ತಿತ್ತು. ಚೀಟಿಯಲ್ಲಿ ‘ಪಾಡ್ದನ, ಗಾಯಕರು ತಿಳಿಯದು’ ಎಂದು ಉಂಟು. ಚೇಚಿ ಹೆಡ್‌ಫೋನ್ ತೆಗೆದು, ಇದು ಪಾಡ್ದನ ಅಲ್ಲ ಟೀಚರೇ, ತೆಯ್ಯಕ್ಕೆ ಹಾಡುವ ತೋಟ್ಟಂ, ನಮ್ಮ ಕಡೆಯದ್ದು ಅಂದರು. ನಾನು ಕೇಳಿದೆ. ಮಲಯಾಳವೇ. ಇಷ್ಟು ವರ್ಷ ಅದು ತುಳುವಿನ ಪೆಟ್ಟಿಗೆಯಲ್ಲಿ ಕೂತಿತ್ತು. ಪಟ್ಟಿಗೆ ಮಲಯಾಳದ ಒಂದು ಕಾಲಂ ಸೇರಿಸಿದೆವು, ಅದನ್ನು ಅವರೇ ತುಂಬಿಸುತ್ತಾರೆ.

ಹೊರಗಿನ ಪ್ರತಿಯ ವಿಷಯ ತೀರ್ಮಾನ ಆಗಿಲ್ಲ. ಘಟ್ಟದ ಮೇಲಿನ ಒಂದು ಕಾಲೇಜು ಒಪ್ಪಿದೆ, ರಾಜ್ಯದ ಗಡಿ ದಾಟಿಸುವುದಕ್ಕೆ ನಮ್ಮ ಕಚೇರಿ ಒಪ್ಪಬೇಕು. ಸದ್ಯಕ್ಕೆ ಎರಡನೆಯ ಡಿಸ್ಕ್ ಬೇರೆ ಕಟ್ಟಡದ ಬೀರುವಿನಲ್ಲಿ.

ಈಗಿನ ತೊಂದರೆ ಬೇರೆ. ಇಪ್ಪತ್ತೊಂದನೆಯದು ಹಾಕಿದಾಗ ಡೆಕ್ಕಿನ ಬೆಲ್ಟ್ ತುಂಡಾಯಿತು. ಕಾಸರಗೋಡು ಪೇಟೆಯಲ್ಲಿ ಕೇಳಿದರೆ ನಗುತ್ತಾರೆ.

ಟೇಪು ಮಾಮ

ಬೆಲ್ಟಿನ ಸುತ್ತಳತೆ ನೂಲು ಹಿಡಿದು ಅಳೆದು ಹೇಳಿ. ನನ್ನಲ್ಲಿ ಒಂದು ಡಬ್ಬಿ ಉಂಟು. ಎರಡು ಹೆಡ್ಡಿನ ಒಂದು ಹಳೆಯ ಡೆಕ್ಕೂ ಉಂಟು, ಹೆಂಡತಿ ಗುಜರಿಗೆ ಹಾಕಿ ಎಂದು ಹಿಂದೆ ಬಿದ್ದಿದ್ದಾಳೆ. ಶನಿವಾರ ಬದಿಯಡ್ಕಕ್ಕೆ ಬರುವ ಕೆಲಸ ಉಂಟು.

ಅಟ್ಟದ ಪೆಟ್ಟಿಗೆ

ಮಾಮ, ನಾನು ಹನ್ನೊಂದಕ್ಕೆ ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ. ನೂಲೂ ತರುತ್ತೇನೆ, ತುಂಡಾದ ಬೆಲ್ಟೂ ತರುತ್ತೇನೆ.